ಗುಡುಗಿಗಿಂತ ಮೊದಲು ಬರುವ ದನಿ

ಬೆಳಗಿನ ಐದೂವರೆ. ತೆಲುಗು ನಾಡಿನ ಗಡಿಯಲ್ಲಿರುವ ಮಕ್ತಲ್ ಊರಾಚೆಯ ಸಣ್ಣ ಹವಾಮಾನ ಕೇಂದ್ರದ ಗೇಟು ತೆರೆದ ಕೂಡಲೇ ವೀರಬಸಮ್ಮ ನೋಡುವುದು ಪಡುವಣ ದಿಕ್ಕನ್ನು. ರಾಯಚೂರಿನ ಕಡೆ ಮೋಡ ಕಟ್ಟಿದೆಯೇ ಎಂದು ಮೊದಲು ನೋಡಬೇಕು. ಇವತ್ತು ಆಕಾಶ ತಿಳಿಯಾಗಿದೆ. ಆದರೂ ಅವರಿಗೆ ನಂಬಿಕೆಯಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಮಳೆಮಾಪಕದ ಸುತ್ತ ಎದ್ದ ಹುಲ್ಲು ಕೀಳುತ್ತಾರೆ, ಉಷ್ಣಮಾಪಕಗಳಿರುವ ಬಿಳಿ ಪೆಟ್ಟಿಗೆಯ ಧೂಳು ಒರೆಸುತ್ತಾರೆ, ನಡುನಡುವೆ ಮತ್ತೆ ಪಡುವಣಕ್ಕೆ ಕತ್ತು ತಿರುಗಿಸುತ್ತಾರೆ.

"ತಿಳಿ ಆಕಾಶನೇ ಮೋಸ ಮಾಡೋದ್ರಿ. ಮುಂಜಾನಿ ನಕ್ಕೊಂತ ಇರತೈತಿ, ಮಧ್ಯಾಹ್ನಕ್ಕ ಜೀವ ತಗೀತೈತಿ," ಎನ್ನುತ್ತಾರೆ.

ಅವರದು ಗುತ್ತಿಗೆಯ ಸಹಾಯಕಿ ಕೆಲಸ. ಗುಡಿಸಬೇಕು, ಉಪಕರಣ ಕಾಯಬೇಕು, ಚಹಾ ತರಬೇಕು. ಆದರೆ ಕೃಷ್ಣಾ ದಂಡೆಯ ಹಳ್ಳಿಗಳಲ್ಲಿ ಅವರ ಮುಖ ಕಾಣದವರಿಗೂ ದನಿ ಗೊತ್ತು.

ಕೆಲವು ವರ್ಷಗಳ ಹಿಂದೆ ಹವಾಮಾನ ಇಲಾಖೆ ಫೇಸ್‌ಬುಕ್ಕು, ವಾಟ್ಸಾಪಿನಲ್ಲಿ ಮುನ್ಸೂಚನೆ ಹಾಕುವ ಪ್ರಯೋಗ ಶುರುಮಾಡಿತು. ಹಳದಿ, ಕಿತ್ತಳೆ, ಕೆಂಪು ಬಣ್ಣದ ನಕ್ಷೆಗಳು, ಕೆಳಗೆ ತೆಲುಗು ಮತ್ತು ಇಂಗ್ಲಿಷ್ ಬರಹ. ಗಡಿಯ ಕನ್ನಡದ ಮನೆಗಳಲ್ಲಿ ಅದನ್ನು ಓದುವವರು ಕಡಿಮೆ. ಕೆಂಪು ನಕ್ಷೆ ಬಂದರೆ ಕೈಮುಗಿದ ಚಿತ್ರ ಕಳಿಸಿ ಜನ ಹೊಲಕ್ಕೆ ಹೋಗುತ್ತಿದ್ದರು. ಕೇಂದ್ರದ ಅಧಿಕಾರಿ ನವನೀತಾ ತೆಲುಗಿನವರು. ಒಂದು ದಿನ ಅವರು ದನಿ ಮುದ್ರಿಸುವ ಗುಂಡಿ ಒತ್ತಿ ವೀರಬಸಮ್ಮನ ಕೈಗೆ ಫೋನು ಕೊಟ್ಟು, ಇದನ್ನೇ ನಿಮ್ಮ ಮಾತಿನಲ್ಲಿ ಹೇಳಿ ಎಂದರು. ರಾಯಚೂರು ಸೀಮೆಯಿಂದ ಸೊಸೆಯಾಗಿ ಬಂದ ವೀರಬಸಮ್ಮ ಪಕ್ಕದ ಮನೆಯವರಿಗೆ ಹೇಳುವಂತೆ ಹೇಳಿದರು: "ಯಕ್ಕಾ, ಯಣ್ಣಾ, ಮಧ್ಯಾಹ್ನ ಸಿಡ್ಲು ಬೀಳೋ ಹಂಗೈತಿ. ಗಿಡದ ಬುಡಕ ನಿಲ್ಲಬ್ಯಾಡ್ರಿ. ಹೊಲ ಬಿಟ್ಟು ಊರಾಗ ಬರ್ರಿ."

ಆ ದನಿ ಫೋನಿನಿಂದ ಫೋನಿಗೆ ಹಾರಿ ಗದ್ವಾಲದವರೆಗೂ ಹೋಯಿತು. ಮಳೆಗಾಲದಲ್ಲಿ ಈಗ ದಿನಕ್ಕೆ ನಾಲ್ಕೈದು ಸಂದೇಶಗಳಾದರೂ ಇರುತ್ತವೆ.

ಆದರೆ ಮೊದಲ ಮುಂಗಾರಿನಲ್ಲೇ ಪೆಟ್ಟು ಬಿದ್ದಿತ್ತು. ಅವರ ಮಾತು ಕೇಳಿ ನಾರಾಯಣಪೇಟೆಯ ನೇಕಾರರು ಓಣಿಯಲ್ಲಿ ಉದ್ದಕ್ಕೆ ಎಳೆದಿದ್ದ ಮಗ್ಗದ ಹಾಸುನೂಲನ್ನು ಸುತ್ತಿಟ್ಟರು, ಕೂಲಿ ಹೆಂಗಸರು ಅರ್ಧ ದಿನಕ್ಕೇ ಹೊಲ ಬಿಟ್ಟರು. ಒಂದು ಹನಿಯೂ ಬೀಳಲಿಲ್ಲ. ಕೂಲಿ ಗುಂಪಿನ ಮೇಸ್ತ್ರಿ ಕುರುಮಮ್ಮ ಬಸ್‌ಸ್ಟ್ಯಾಂಡಿನಲ್ಲಿ ಎಲ್ಲರೆದುರು ವೀರಬಸಮ್ಮನನ್ನು ಬೈದರು. ಮುನ್ಸೂಚನೆ ಎಂದರೆ ಆಗಬಹುದು ಎಂದಷ್ಟೇ, ಆಗೇ ಆಗುತ್ತದೆ ಎಂದಲ್ಲ ಎಂದು ನವನೀತಾ ಸಮಾಧಾನ ಹೇಳಿದರು. ಅಂದಿನಿಂದ ವೀರಬಸಮ್ಮ ಪ್ರತಿ ಸಂದೇಶವನ್ನೂ ಕಳಿಸುವ ಮುನ್ನ ಇನ್ನೊಮ್ಮೆ ಕೇಳಿ ನೋಡುತ್ತಾರೆ.

"ಹೇಳಿದ್ರ ಸುಳ್ಳಾದೀತಂತ ಅಂಜಿಕಿ, ಹೇಳದಿದ್ರ ಖರೇ ಆದೀತಂತ ಅಂಜಿಕಿ."

ಹೋದ ವರ್ಷ ಸೆಪ್ಟೆಂಬರಿನಲ್ಲಿ ಒಂದು ದಿನ, ವೀರಬಸಮ್ಮನ ಮಗಳು ಪದ್ಮಶ್ರೀ ಕಾಲೇಜಿಗೆ ರಜೆಯೆಂದು ಕುರುಮಮ್ಮನ ಗುಂಪಿನೊಂದಿಗೆ ಹತ್ತಿ ಹೊಲದ ಕಳೆ ತೆಗೆಯಲು ಹೋಗಿದ್ದಳು. ಊಟದ ಹೊತ್ತಿಗೆ ಎಚ್ಚರಿಕೆ ಬಂತು. ವೀರಬಸಮ್ಮ ಅದನ್ನು ದನಿ ಸಂದೇಶವಾಗಿ ಕಳಿಸಿ, ಮಗಳಿಗೆ ಫೋನು ಹಚ್ಚಿದರು. ಸ್ವಿಚ್ ಆಫ್. ಮತ್ತೆ ಹಚ್ಚಿದರು. ಅಷ್ಟರಲ್ಲಿ ಪಡುವಣ ಕಪ್ಪಿಟ್ಟು, ಕೇಂದ್ರದ ಕಿಟಕಿಗಳು ಗುಡುಗಿಗೆ ಅದುರತೊಡಗಿದವು. ನವನೀತಾ ಹೊಸ ಎಚ್ಚರಿಕೆ ತಂದು ಮುಂದಿಟ್ಟರು, ಅದಾದ ಮೇಲೆ ಇನ್ನೊಂದು. ಪ್ರತಿ ಸಲವೂ ವೀರಬಸಮ್ಮ ನೀರು ಗುಟುಕರಿಸಿ, ದನಿ ಗಟ್ಟಿ ಮಾಡಿಕೊಂಡು, ಊರ ಮಂದಿಗೆಲ್ಲ ಎಚ್ಚರ ಹೇಳಿದರು. ಮಗಳ ಸುದ್ದಿ ಮಾತ್ರ ಇಲ್ಲ.

"ಓಡಿ ಹೋಗಬೇಕಂತ ಕಾಲು ಎಳೀತಿದ್ವು. ನಾ ಓಡಿದ್ರ ಕನ್ನಡದಾಗ ಹೇಳೋರು ಯಾರಿದ್ರು?"

ಸಂಜೆ ಮಳೆ ನಿಂತ ಮೇಲೆ ಪದ್ಮಶ್ರೀ ತೊಯ್ದ ಬಟ್ಟೆಯಲ್ಲಿ ಟ್ರ್ಯಾಕ್ಟರಿನಿಂದ ಇಳಿದಳು. ಮೊದಲ ಸಂದೇಶಕ್ಕೇ ಕುರುಮಮ್ಮ ಕೆಲಸ ಬಿಟ್ಟು ಎದ್ದಿದ್ದರಂತೆ. ಉಳಿದ ಹೆಂಗಸರು ಗೊಣಗಿದರೂ ಮೇಸ್ತ್ರಿಯ ಬೆನ್ನು ಹತ್ತಿ ಊರ ಶಾಲೆ ಸೇರಿದರು. ಅವರ ಬುತ್ತಿಗಂಟು ತೂಗುಹಾಕಿದ್ದ ಬದುವಿನ ಬೇವಿನ ಮರಕ್ಕೆ ಆಮೇಲೆ ಸಿಡಿಲು ಬಡಿಯಿತು. ಹಿಂದೆ ಬೈದಿದ್ದ ನೀವು ಈ ಸಲ ಯಾಕೆ ನಂಬಿದಿರಿ ಎಂದು ಕೇಳಿದರೆ ಕುರುಮಮ್ಮ ಹೇಳುವುದಿಷ್ಟೆ: "ಅಕಿ ದನ್ಯಾಗ ಅಂಜಿಕಿ ಇತ್ತು. ಅದನ್ನ ಕೇಳಿ ಎದ್ದೆ."

ಕತೆ ಅಲ್ಲಿಗೆ ಮುಗಿದಿದ್ದರೆ ವೀರಬಸಮ್ಮನಿಗೆ ನಿದ್ದೆ ಬರುತ್ತಿತ್ತು. ಅದೇ ಮಧ್ಯಾಹ್ನ ಪಕ್ಕದ ಗುಡ್ಡದಲ್ಲಿ ಆಡು ಮೇಯಿಸುತ್ತಿದ್ದ ಮುದುಕಿ ಪೋಚಮ್ಮ ಮಳೆಗೆ ಹೆದರಿ ಮರದಡಿ ನಿಂತು ಸಿಡಿಲಿಗೆ ಸತ್ತರು. ಅವರ ಬಳಿ ಫೋನು ಇರಲಿಲ್ಲ. ಮರುದಿನ ವೀರಬಸಮ್ಮ ಆ ಮನೆಗೆ ಹೋದರು. ಮಗ ಬಾಲರಾಜ ಬೈಯಲಿಲ್ಲ. ಫೋನು ಇಲ್ಲದವರಿಗೆ ನೀವು ಹ್ಯಾಗೆ ಹೇಳುತ್ತೀರಿ ಎಂದು ಕೇಳಿದ, ಅಷ್ಟೆ.

ಆ ಪ್ರಶ್ನೆ ಹೊತ್ತುಕೊಂಡೇ ವೀರಬಸಮ್ಮ ಹಳ್ಳಿಹಳ್ಳಿಗೆ ಅಲೆದು ಪಂಚಾಯಿತಿಯವರನ್ನು ಕಂಡರು. ಈಗ ಕೆಲವು ಪಂಚಾಯಿತಿಗಳು ಅವರ ಸಂದೇಶವನ್ನು ಮೈಕಿನಲ್ಲಿ ಹಾಕುತ್ತವೆ. ಗುಡ್ಡದಲ್ಲಿ ಆಡು ಕಾಯುವವರಿಗೂ ಅದು ಕೇಳಿಸುತ್ತದೆ. ಆದರೆ ಒಂದು ತೊಡಕಿದೆ. ಗಾಳಿ ಎದ್ದರೆ ಸಾಕು, ಕರೆಂಟು ಹೋಗಿ ಮೈಕು ಮೂಕಾಗುತ್ತದೆ.

ಕೆಲಸ ಕಾಯಂ ಆಗಬೇಕೆಂಬ ಆಸೆಯಿಲ್ಲವೇ ಎಂದರೆ ವೀರಬಸಮ್ಮ, ಯಾಕಿಲ್ಲ, ಐತಿ ಎಂದು ನಗುತ್ತಾರೆ. ಆಮೇಲೆ ನಗು ನಿಲ್ಲಿಸಿ ಹೇಳುತ್ತಾರೆ:

"ಅದು ಆಗೋವಾಗ ಆಗಲಿ. ಮೊದಲು ಊರಿಗೊಂದು ಬ್ಯಾಟ್ರಿ ಮೈಕ್ ಕೊಡಸ್ರಿ. ಕರೆಂಟ್ ಹೋದ ಮ್ಯಾಲೇ ಸಿಡ್ಲು ಬೀಳೋದು."