ಇಂಟರ್ವಲ್‌ವರೆಗಿನ ವಿಮರ್ಶಕಿ

ನವೆಂಬರ್ ತಿಂಗಳ ಒಂದು ಶನಿವಾರ ಸಂಜೆ ನಾಲ್ಕು ಗಂಟೆ ಇಪ್ಪತ್ತೆರಡು ನಿಮಿಷಕ್ಕೆ ಪ್ರಾಜಕ್ತಾ ಹಾರೂಗೇರಿಯ ಟಾಕೀಸಿನಿಂದ ಹೊರಗೆ ಬರುತ್ತಿದ್ದಳು. ಆಗಷ್ಟೇ ಇಂಟರ್ವಲ್ ಆಗಿತ್ತು. ಉಳಿದವರೆಲ್ಲ ಮಿರ್ಚಿ ಭಜಿಯ ಗಾಡಿಗೆ ಮುತ್ತಿಕೊಂಡರೆ ಅವಳು ಬ್ಯಾಗು ಹೆಗಲಿಗೇರಿಸಿ ಬಸ್ ನಿಲ್ದಾಣದ ಕಡೆ ತಿರುಗಿದಳು. ಬಾಗಿಲು ಕಾಯುವ ಮಲ್ಲೇಶ ತಡೆದು ನಿಲ್ಲಿಸಿದ.

"ಏನವಾ, ಇದೂ ಚಲೋ ಇಲ್ಲೇನು?"

"ಚಲೋ ಐತಿ ಕಾಕಾ."

"ಚಲೋ ಇದ್ರ ಯಾಕ ಹೊಂಟಿ? ನೀ ಹಿಂಗ ವಾರಾ ವಾರಾ ನಡುವ ಎದ್ದ ಹೋದ್ರ, ನೋಡಿದ ಮಂದಿ ಪಿಚ್ಚರ ಬಿದ್ದೈತಿ ಅಂತಾರ. ಹಿತ್ತಲ ಬಾಗಲಾ ತಗೀತೀನಿ, ಆ ಕಡಿಂದರ ಹೋಗ."

ಅವಳು ನಗುತ್ತ ಹೋದಳು. ನಾಲ್ಕೂಮುಕ್ಕಾಲಿನ ಅಲಖನೂರಿನ ಬಸ್ಸು ಯಾರಿಗೂ ಕಾಯುವಂಥದ್ದಲ್ಲ.

ಪ್ರಾಜಕ್ತಾ ಅಲಖನೂರಿನ ಆಬಾಸಾಹೇಬರ ಮಗಳು. ವಯಸ್ಸು ಹದಿನೇಳು. ಹಾರೂಗೇರಿಯಲ್ಲಿ ಪಿಯುಸಿ ಎರಡನೆಯ ವರ್ಷ ಓದುತ್ತಿದ್ದಳು. ಶನಿವಾರ ಕಾಲೇಜು ಅರ್ಧ ದಿನ. ಆ ಟಾಕೀಸಿನಲ್ಲಿ ದಿನಕ್ಕೆ ಎರಡೇ ಆಟ, ಮೂರು ಗಂಟೆಯದೊಂದು, ರಾತ್ರಿಯದೊಂದು. ಕನ್ನಡ, ಮರಾಠಿ, ಹಿಂದಿ, ಯಾವುದು ಬಂದರೂ ಮೂರರ ಆಟಕ್ಕೆ ಅವಳು ಹಾಜರು. ನಾಯಕ ಮೊದಲ ಸಲ ತೆರೆಯ ಮೇಲೆ ಬರುವಾಗ ಸೀಟಿ ಹೊಡೆಯುವವರಲ್ಲಿ ಅವಳೂ ಒಬ್ಬಳು. ಸೀಟಿ ಹೊಡೆದ ಮೇಲೆ ಯಾಕೆ ಹೊಡೆದೆ ಎಂದು ಯೋಚಿಸುವವಳು ಮಾತ್ರ ಅವಳೊಬ್ಬಳೇ.

ಹಾಗೆ ಯೋಚಿಸುವುದನ್ನು ಕಲಿಸುತ್ತಿದ್ದವರು ಧಾರವಾಡದ ಸರಿತಾ ಮೇಡಂ. ಪ್ರತಿ ಭಾನುವಾರ ಬೆಳಿಗ್ಗೆ ಮೊಬೈಲಿನಲ್ಲಿ ಸಿನಿಮಾ ವಿಮರ್ಶೆಯ ತರಗತಿ ನಡೆಸುತ್ತಿದ್ದರು. ಪ್ರಾಜಕ್ತಾಳ ಮನೆಯಲ್ಲಿ ನೆಟ್‌ವರ್ಕ್ ನಿಲ್ಲುತ್ತಿರಲಿಲ್ಲ. ಎದುರು ಮನೆ ನಮ್ಮದು, ವೈಫೈ ಇತ್ತು. ಹೀಗಾಗಿ ಅವಳ ತರಗತಿಯೆಲ್ಲ ನಮ್ಮ ಕಟ್ಟೆಯ ಮೇಲೆ ನಡೆಯಿತು, ನನ್ನ ಕಿವಿಗೂ ಬಿತ್ತು. ಮೇಡಂ ಮೊದಲ ದಿನವೇ ಒಂದು ನಿಯಮ ಹಾಕಿದ್ದರು. "ಕಂಡದ್ದನ್ನ ಬರೀರಿ. ಕೇಳಿದ್ದನ್ನ ಬರೀಬ್ಯಾಡ್ರಿ." ಪ್ರಾಜಕ್ತಾ ಅದನ್ನು ಅಕ್ಷರಶಃ ಪಾಲಿಸಿದಳು.

ಕಬ್ಬಿನ ಗದ್ದೆಯ ಹೊಡೆದಾಟವಿದ್ದ ಚಿತ್ರದ ಬಗ್ಗೆ ಅವಳು ಹೀಗೆ ಬರೆದಳು: "ನಾಯಕ ತೋಳಿಲ್ಲದ ಬನಿಯನ್ ಹಾಕಿಕೊಂಡು ಆಳೆತ್ತರದ ಕಬ್ಬಿನೊಳಗೆ ಇಪ್ಪತ್ತು ಜನರನ್ನು ಹೊಡೆದು ಹೊರಬರುತ್ತಾನೆ. ಮೈಮೇಲೆ ಒಂದು ಗೀರೂ ಇಲ್ಲ. ನಮ್ಮಪ್ಪ ಉದ್ದ ತೋಳಿನ ಅಂಗಿ ಹಾಕಿ, ತಲೆಗೆ ಟವೆಲ್ ಸುತ್ತಿಕೊಂಡು ಹೋದರೂ ಕಬ್ಬಿನ ಎಲೆ ಕುತ್ತಿಗೆ ಕೊಯ್ದಿರುತ್ತದೆ. ಖಳರು ಹೆದರಿದ್ದು ಸರಿ, ಕಬ್ಬು ಯಾಕೆ ಹೆದರಿತು?"

ಆಬಾಸಾಹೇಬರು ಇದನ್ನು ಓದಿ, ಕುತ್ತಿಗೆ ಸವರಿಕೊಂಡು, ಮೂರು ಜನರಿಗೆ ಕಳಿಸಿದರು.

ಇನ್ನೊಂದು ಹಾಸ್ಯಚಿತ್ರ. ಅದರಲ್ಲಿ ನಾಯಕ, ನಾಯಕಿ ಬೆಂಗಳೂರಿನವರಂತೆ ಮಾತಾಡಿದರೆ ಅಡುಗೆಯವನೊಬ್ಬ ನಮ್ಮಂತೆ ಮಾತಾಡುತ್ತಾನೆ. "ಅವನು ಬಾಯಿ ತೆರೆದಾಗಲೆಲ್ಲ ಟಾಕೀಸಿನಲ್ಲಿದ್ದವರೆಲ್ಲ ನಕ್ಕೆವು. ನಾನೂ ನಕ್ಕೆ. ಅವನು ಕೇಳಿದ್ದು ಬರೀ 'ಊಟಾ ಆತೇನ್ರಿ' ಅಂತ. ಅದನ್ನು ನಮ್ಮ ಮನೆಯಲ್ಲಿ ದಿನಾ ಕೇಳುತ್ತಾರೆ, ಯಾರೂ ನಗುವುದಿಲ್ಲ" ಎಂದು ಬರೆದಳು.

ಅವಳು ಬರೇ ತಪ್ಪು ಹುಡುಕುವವಳಾಗಿರಲಿಲ್ಲ. ಒಂದು ಮರಾಠಿ ಚಿತ್ರದಲ್ಲಿ ನಾಯಕಿ ಒಗ್ಗರಣೆ ಹಾಕುತ್ತಿರುವಾಗ ಗಂಡ ಹಿಂದಿನಿಂದ ಏನೋ ಹೇಳುತ್ತಾನೆ. "ಅವಳ ಮುಖ ನಮಗೆ ಕಾಣುವುದೇ ಇಲ್ಲ. ಸೌಟು ನಿಲ್ಲುತ್ತದೆ, ಸಾಸಿವೆ ಸೀಯುತ್ತದೆ. ಅಳುವುದನ್ನು ತೋರಿಸಿದ್ದರೆ ನಾನು ಮರೆತುಬಿಡುತ್ತಿದ್ದೆ." ಇದನ್ನು ಮೇಡಂ ಎರಡು ಸಲ ಓದಿಸಿದರು.

ಇಷ್ಟು ಚೆನ್ನಾಗಿ ನೋಡುವ ಹುಡುಗಿ ಇಂಟರ್ವಲ್‌ಗೆ ಎದ್ದುಬರುತ್ತಿದ್ದುದಕ್ಕೆ ಕಾರಣ ಅವಳ ಅಜ್ಜಿ ಕಾಶಿಬಾಯಿ. ಮೊಮ್ಮಗಳು ಅವರನ್ನು ಆಯಿ ಎನ್ನುತ್ತಾಳೆ. ಅವರದು ಜೈನರ ಮನೆ. ಹೊತ್ತು ಮುಳುಗಿದ ಮೇಲೆ ಆಯಿ ಊಟ ಮಾಡುವುದಿಲ್ಲ. ಅದಕ್ಕೆ ಅವರೇ ಇನ್ನೊಂದನ್ನು ಸೇರಿಸಿಕೊಂಡಿದ್ದರು. ಮೊಮ್ಮಗಳು ಬರದೆ ಸಂಜೆಯ ತಟ್ಟೆಗೆ ಕೈ ಹಚ್ಚುತ್ತಿರಲಿಲ್ಲ. ಚಳಿಗಾಲದಲ್ಲಿ ಇಲ್ಲಿ ಆರು ಗಂಟೆಗೆ ಮೊದಲೇ ಹೊತ್ತು ಮುಳುಗುತ್ತದೆ. ಚಿತ್ರ ಮುಗಿಯುವುದೂ ಅದೇ ಹೊತ್ತಿಗೆ.

ಹಿಂದಿನ ಚಳಿಗಾಲದಲ್ಲಿ ಒಮ್ಮೆ ಪ್ರಾಜಕ್ತಾ ಒಂದು ಚಿತ್ರವನ್ನು ಕೊನೆಯವರೆಗೂ ನೋಡಿ ಬಂದಿದ್ದಳು. ಮನೆಗೆ ಬಂದಾಗ ದೀಪ ಹಚ್ಚಿ ಆಗಿತ್ತು. ಎರಡು ತಟ್ಟೆ ಮುಚ್ಚಿಟ್ಟು ಆಯಿ ಕೂತಿದ್ದರು. "ಉಂಡಿಯೇನ ಆಯಿ?" ಎಂದರೆ "ಹೊತ್ತ ಮುಳಗೈತೆಲ್ಲ, ನೀ ಉಣ್ಣ" ಎಂದರು. ಬೈಯಲಿಲ್ಲ. ಪಕ್ಕದಲ್ಲಿ ಕೂತು ರೊಟ್ಟಿಗೆ ಬೆಣ್ಣೆ ಹಚ್ಚಿಕೊಡುತ್ತ, ಪಿಚ್ಚರದ ಕಥೆ ಏನು, ಹಾಡು ಎಷ್ಟು ಎಂದು ಕೇಳಿದರು. ಪ್ರಾಜಕ್ತಾ ಅರ್ಧ ರೊಟ್ಟಿಗೇ ಕೈ ತೊಳೆದಳು. ಅಂದಿನಿಂದ ಅವಳಿಗೆ ಎಲ್ಲ ಚಿತ್ರಗಳೂ ಇಂಟರ್ವಲ್‌ಗೇ ಮುಗಿದವು. ತರಗತಿಗೆ ಬರೆದ ಏಳು ವಿಮರ್ಶೆಗಳೂ ಅರ್ಧ ಚಿತ್ರದವು.

ಆ ನವೆಂಬರ್ ಶನಿವಾರದ ಮರುದಿನ ಏಳನೆಯದನ್ನು ಓದಿಸಿಕೊಂಡ ಸರಿತಾ ಮೇಡಂ ಹೇಳಿದರು:

"ಎಲ್ಲಾರೂ ಪ್ರಾಜಕ್ತಾನ್ನ ನೋಡಿ ಕಲೀರಿ. ಏಳು ವಿಮರ್ಶೆ ಬರದಾಳ. ಒಂದರಾಗೂ ಇಂಟರ್ವಲ್ ಆದಮ್ಯಾಲಿನ ಕಥಿ ಬಿಟ್ಟುಕೊಟ್ಟಿಲ್ಲ. ನೋಡೋರ ಖುಷಿ ಕೆಡಸಬಾರದು ಅನ್ನೂ ತಿಳುವಳಿಕಿ ಇದು. ಇದಕ್ಕ ಸಂಯಮ ಅಂತಾರ."

ಕಟ್ಟೆಯ ಮೇಲೆ ಪಕ್ಕದಲ್ಲಿ ಕೂತಿದ್ದ ಗೆಳತಿ ದಾನೇಶ್ವರಿ ವೇಲಿನಿಂದ ಬಾಯಿ ಮುಚ್ಚಿಕೊಂಡು ಅಲುಗಾಡತೊಡಗಿದಳು. ಪ್ರಾಜಕ್ತಾಳ ಕಿವಿ ಕೆಂಪಾದವು. ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಮೇಡಂ ಮುಂದಿನ ಮಾತಿಗೆ ಹೋಗಿದ್ದರು.

"ಕಡೀ ಕೆಲಸ. ಈ ವಾರ ಒಂದು ಪಿಚ್ಚರ ನೋಡ್ರಿ. ಇಂಟರ್ವಲ್ ತನಕ ಅದು ಏನು ಮಾತು ಕೊಡತೈತಿ, ಕಡೀಕ ಆ ಮಾತು ಉಳಿಸ್ಕೊಂಡತೇನು, ಇಷ್ಟ ಬರೀರಿ. ಚಲೋ ಬರದವರನ್ನ ಬ್ಯಾಸಗಿಯೊಳಗ ಧಾರವಾಡದ ಶಿಬಿರಕ್ಕ ಕರಸ್ತೀನಿ."

ಶಿಬಿರಕ್ಕೆ ಹೋಗಬೇಕೆಂದು ಪ್ರಾಜಕ್ತಾ ತರಗತಿಯ ಮೊದಲ ದಿನದಿಂದ ಆಸೆಪಟ್ಟಿದ್ದಳು. ಈಗ ಅದು ಸಿಗುವುದು ಅವಳು ನೋಡದ ಅರ್ಧದಿಂದ.

"ಅದಕ್ಕೇನಾತ ಬೇ, ನಾ ಕಡೀತನಾ ಕುಂಡ್ರತೀನಲ್ಲ. ಹೇಳ್ತೀನಿ, ನೀ ಬರಿ" ಎಂದಳು ದಾನೇಶ್ವರಿ.

"ನೀ ಹೇಳೂದ? ನಿನ್ನಿ ಪಿಚ್ಚರ ಕಡೀಕ ಏನಾತ ಹೇಳ ನೋಡೂಣು."

"ಅಂವಾ ಬಂದ, ಇಂವಗ ಹೊಡದ, ಅಕಿ ಅತ್ತಳು, ಮುಗೀತು."

"ಅಂವಾ ಅಂದ್ರ ಯಾರ?"

"ಅಂವಾನ ಬೇ, ಗಡ್ಡದಾಂವ."

"ಅದರಾಗ ಎಲ್ಲಾರಿಗೂ ಗಡ್ಡ ಅದಾವ!"

"ಕರೇ ಅಂದ್ರ ನಂಗೂ ಅಲ್ಲೇ ಗೊಂದಲ ಆತ" ಎಂದು ದಾನೇಶ್ವರಿ ಒಪ್ಪಿಕೊಂಡಳು. "ಮತ್ತ ಹೇಳ ನಿಮ್ಮ ಆಯಿಗೆ, ಒಂದಿನ ಲಗೂನ ಉಣ್ಣಂತ."

"ನಾ ಕೇಳಂಗಿಲ್ಲ. ಆಯಿ ನನ್ನ ಸಲುವಾಗಿ ಒಂದ ಹೊತ್ತ ಉಪಾಸ ಇದ್ದಾಳ, ಸಾಕು."

ಅವಳು ಕೇಳಲಿಲ್ಲ. ದಾನೇಶ್ವರಿ ಮಾತ್ರ ನೆಟ್ಟಗೆ ಎದ್ದು ರಸ್ತೆ ದಾಟಿದಳು. ಕಾಶಿಬಾಯಿ ಪಡಸಾಲೆಯಲ್ಲಿ ಮೊರ ಹಿಡಿದು ಜೋಳ ಹಸನು ಮಾಡುತ್ತಿದ್ದರು.

"ಆಯಿ, ನಿಮ್ಮ ಮೊಮ್ಮಗಳ ಅರ್ಧಾ ಪಿಚ್ಚರದ ಪಂಡಿತ ಆಗ್ಯಾಳ ನೋಡ್ರಿ."

"ಹಂಗಂದ್ರ?"

"ಇಂಟರ್ವಲ್‌ಗೆ ಎದ್ದ ಬರ್ತಾಳ್ರಿ. ಒಂದರದೂ ಕಡೀ ನೋಡಿಲ್ಲ. ನೀವು ಉಪಾಸ ಕುಂಡ್ರತೀರಂತ."

ಮೊರ ನಿಂತಿತು. ಬೆನ್ನಟ್ಟಿ ಬಂದಿದ್ದ ಪ್ರಾಜಕ್ತಾ ಹೊಸ್ತಿಲ ಬಳಿಯೇ ನಿಂತಳು.

"ನಾ ಏನ ತಿಳದಿದ್ನಿ ಗೊತ್ತೈತಿ?" ಎಂದರು ಆಯಿ. "ಈ ಹುಡಿಗಿಗಿ ಅಷ್ಟ ಹೊತ್ತ ಒಂದ ಕಡೆ ಕುಂಡ್ರಾಕ ಆಗಂಗಿಲ್ಲ, ಅದಕ ಅರ್ಧಾ ನೋಡಿ ಬರ್ತಾಳಂತ. ಸಣ್ಣಾಕಿ ಇದ್ದಾಗ ಪ್ರವಚನದಾಗೂ ಹಂಗ ಮಾಡಾಕಿ."

"ಆಯಿ!"

"ನಾ ನೇಮಾ ಹಾಕ್ಕೊಂಡದ್ದ ನಿನ್ನ ಸಂಗಾಟ ಉಣ್ಣಬೇಕಂತ. ಈ ಮನ್ಯಾಗ ಉಣ್ಣಬೇಕಂತ ನಾ ಯಾವಾಗ ಅಂದೀನಿ? ಶನಿವಾರ ಎಷ್ಟಕ್ಕ ಬಸ್ಸ?"

ಶನಿವಾರ ಕಾಶಿಬಾಯಿ ಮಡಿಕೆ ಮುರಿಯದ ಸೀರೆ ಉಟ್ಟು, ಬುತ್ತಿ ಕಟ್ಟಿಕೊಂಡು, ಸೋಸಿದ ನೀರಿನ ತಂಬಿಗೆ ಹಿಡಿದುಕೊಂಡು ಹಾರೂಗೇರಿಗೆ ಬಸ್ಸು ಹತ್ತಿದರು. ಟಾಕೀಸಿನ ಬಾಗಿಲಲ್ಲಿ ಮಲ್ಲೇಶ ತಂಬಿಗೆ ನೋಡಿದ.

"ಆಯಾರ, ಹೊರಗಿಂದ ಏನೂ ಒಳಗ ಒಯ್ಯಾಕ ಬಿಡಂಗಿಲ್ರಿ."

"ನಾ ಒಳಗ ಉಣ್ಣಂಗಿಲ್ಲಪಾ, ಹೊರಗ ಉಣ್ಣತೀನಿ. ನೀ ಇದನ್ನ ಕಾಯಿ. ಒಬ್ಬರೂ ಮುಟ್ಟಬಾರದ ನೋಡ."

ಇಂಟರ್ವಲ್ ಆಯಿತು. ಮಲ್ಲೇಶ ತನ್ನ ಖುರ್ಚಿಯ ಜೊತೆ ಇನ್ನೊಂದನ್ನು ಬೇವಿನ ಗಿಡದ ಬುಡಕ್ಕೆ ತಂದಿಟ್ಟಿದ್ದ. ಇನ್ನೂ ಚೆನ್ನಾಗಿ ಬಿಸಿಲಿತ್ತು. ಅಜ್ಜಿ, ಮೊಮ್ಮಗಳು ತೊಡೆಯ ಮೇಲೆ ಬುತ್ತಿ ಬಿಚ್ಚಿ ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಹಿಂಡಿ, ಮೊಸರು ಉಂಡರು.

"ಆ ಹುಡುಗ ಮುಂಜಾನಿಂದ ಓಡಾಕತ್ತಾನ, ಒಂದ ತುತ್ತ ಉಂಡಿಲ್ಲ" ಎಂದರು ಆಯಿ ನಾಯಕನ ಬಗ್ಗೆ.

"ಪಿಚ್ಚರದಾಗ ಯಾರೂ ಉಣ್ಣಂಗಿಲ್ಲ ಆಯಿ."

"ಹಂಗಿದ್ರ ಹೊಡದಾಡಾಕ ಶಕ್ತಿ ಎಲ್ಲಿಂದ ಬರ್ತೈತಿ?"

ಗಂಟೆ ಹೊಡೆಯಿತು. ಪ್ರಾಜಕ್ತಾ ಅಭ್ಯಾಸಬಲದಿಂದ ಬ್ಯಾಗು ಹೆಗಲಿಗೆ ಹಾಕಿ ರಸ್ತೆಯ ಕಡೆ ಎರಡು ಹೆಜ್ಜೆ ಇಟ್ಟಳು. "ಬಾಗಲಾ ಈ ಕಡೆ ಐತೆವಾ" ಎಂದ ಮಲ್ಲೇಶ.

ಅಂದಿನ ಚಿತ್ರದಲ್ಲಿ ನಾಯಕಿ ಶಾಲೆಯ ಟೀಚರ್. ಅವಳ ಅಣ್ಣನನ್ನು ಕೊಂದಿರುತ್ತಾರೆ. ಇಂಟರ್ವಲ್‌ಗೆ ಸರಿಯಾಗಿ ಅವಳು ಊರವರ ಮುಂದೆ ನಿಂತು, ಕೊಂದವರನ್ನು ತಾನೇ ಹಿಡಿದುಕೊಡುತ್ತೇನೆ ಎನ್ನುತ್ತಾಳೆ. ಮಾಮೂಲಿನಂತೆ ಆಗಿದ್ದರೆ ಪ್ರಾಜಕ್ತಾ ಅಲ್ಲಿಗೆ ಎದ್ದು, ಬಸ್ಸಿನಲ್ಲಿ ಆ ಟೀಚರನ್ನು ಹೊಗಳಿ ನಾಲ್ಕು ಸಾಲು ಹೊಂದಿಸಿರುತ್ತಿದ್ದಳು. ಈ ಸಲ ಮುಂದಿನದನ್ನೂ ನೋಡಿದಳು. ಇಂಟರ್ವಲ್ ಮುಗಿದು ಸ್ವಲ್ಪ ಹೊತ್ತಿಗೇ ಟೀಚರನ್ನು ಒಂದು ಗೋದಾಮಿನಲ್ಲಿ ಖುರ್ಚಿಗೆ ಕಟ್ಟಿಹಾಕಿದರು. ಚಿತ್ರ ಮುಗಿಯುವವರೆಗೂ ಅವಳು ಆ ಖುರ್ಚಿಯಿಂದ ಏಳಲಿಲ್ಲ. ಕೊಂದವರನ್ನು ಹಿಡಿದವನು ನಾಯಕ.

ಮರಳಿ ಬರುವ ಬಸ್ಸಿನಲ್ಲಿ ಕಿಟಕಿಯ ಹೊರಗೆ ಹೊತ್ತು ಮುಳುಗಿತು. ಹೊಟ್ಟೆ ತುಂಬಿದ ಆಯಿ "ಚಲೋ ಇತ್ತು. ಕಡೀಕ ಎಲ್ಲಾರೂ ಮನೀಗಿ ಹೋದ್ರು" ಎಂದು ಕಣ್ಣು ಮುಚ್ಚಿದರು. ಪ್ರಾಜಕ್ತಾ ತನ್ನ ಹಳೆಯ ವಿಮರ್ಶೆಗಳನ್ನು ಮನಸ್ಸಿನಲ್ಲೇ ತಿರುವಿಹಾಕಿದಳು. ಹಿಂದಿನ ಏಳರಲ್ಲಿ ನಾಲ್ಕು ಚಿತ್ರಗಳ ನಾಯಕಿಯರನ್ನು ಅವಳು ಧೈರ್ಯದವರೆಂದು ಹೊಗಳಿದ್ದಳು. ಅವರಲ್ಲಿ ಎಷ್ಟು ಜನ ಇಂಟರ್ವಲ್ ಆದ ಮೇಲೆ ಖುರ್ಚಿಯಲ್ಲಿ ಕೂತಿದ್ದರೋ ಅವಳಿಗೆ ಗೊತ್ತಿರಲಿಲ್ಲ.

ಭಾನುವಾರ ಅವಳು ಓದಿದ ವಿಮರ್ಶೆ ಚಿಕ್ಕದಾಗಿತ್ತು. "ಮಾತು ಕೊಟ್ಟವಳು ಅವಳು. ಉಳಿಸಿದವನು ಅವನು. ಅವಳ ಮಾತನ್ನು ಅವನು ಉಳಿಸಿದರೆ ಅವಳ ಮಾತು ಉಳಿದಂತಾಗುವುದಿಲ್ಲ. ಇಂಟರ್ವಲ್‌ಗೆ ಎದ್ದುಹೋದವರಿಗೆ ಈ ಚಿತ್ರ ಬಹಳ ಒಳ್ಳೆಯದು." ಇದು ಅದರ ಕೊನೆಯ ಭಾಗ.

"ಭಾಳ ಚಲೋ. ನಿನ್ನ ಹೆಸರ ಶಿಬಿರದವರಿಗೆ ಹೇಳ್ತೀನಿ" ಎಂದರು ಸರಿತಾ ಮೇಡಂ. "ಇದು ಹಿಡಿದು ಎಂಟು ವಿಮರ್ಶೆ ಆದವು. ಅಲ್ಲ?"

ದಾನೇಶ್ವರಿ 'ಹೌದು ಅನ್ನು' ಎಂದು ಕಣ್ಣಲ್ಲೇ ಹೇಳಿದಳು. ಎದುರಿನ ಪಡಸಾಲೆಯಲ್ಲಿ ಆಯಿಯ ಮೊರ ಸದ್ದು ಮಾಡುತ್ತಿತ್ತು. ಪ್ರಾಜಕ್ತಾ ಮೊಬೈಲನ್ನು ಸ್ವಲ್ಪ ಹತ್ತಿರ ಹಿಡಿದಳು.

"ಇಲ್ರಿ ಮೇಡಂ. ಮೊದಲಿನ ಏಳೂ ಇಂಟರ್ವಲ್‌ಗೆ ಎದ್ದ ಬಂದ ಬರದಿದ್ನಿ. ಮುಂದಿಂದ ನಾ ನೋಡೇ ಇಲ್ರಿ. ನೀವ ಸಂಯಮ ಅಂದ್ರಿ. ಅದು ಸಂಯಮ ಅಲ್ರಿ, ಬಸ್ಸ."

ಆ ಕಡೆಯಿಂದ ಮೇಡಂ ನಗುವುದು ಕೇಳಿಸಿತು. ತಡೆದು ತಡೆದು ನಕ್ಕರು.

"ಮತ್ತ ಶಿಬಿರದವರಿಗೆ ಎಷ್ಟಂತ ಹೇಳ್ಲಿ?"

ಪ್ರಾಜಕ್ತಾ ಏಳು ಅರ್ಧಗಳನ್ನು ಬೆರಳಲ್ಲಿ ಕೂಡಿಸಿ, ಅದಕ್ಕೆ ನಿನ್ನೆಯ ಒಂದನ್ನು ಪೂರ್ತಿ ಸೇರಿಸಿ, ರಸ್ತೆಯ ಆಚೆಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದಳು:

"ನಾಲ್ಕೂವರಿ ರಿ."