ಇರುವೆಯಲ್ಲ, ಕಣಜ

ಲಿಂಗಸುಗೂರಿನಿಂದ ಸಿಂಧನೂರಿಗೆ ಹೋಗುವ ಬಸ್ಸಿನಲ್ಲಿ ಕಳೆದ ಭಾನುವಾರ ಮೈಕ್ರೋಸ್ಕೋಪ್ ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಹಳೇ ಟವೆಲ್ ಸುತ್ತಿದ್ದೆ. ಮಸ್ಕಿ ಬರುವಷ್ಟರಲ್ಲಿ ಕಂಡಕ್ಟರ್ ತಡೆಯಲಾರದೆ ಕೇಳಿಯೇಬಿಟ್ಟ, "ಹೊಲಿಗಿ ಮಷಿನ್ನೇನ್ರೀ ಮೇಡಂ?"

ಹೌದೆಂದೆ. (ಗೆಳತಿಗೆ ಹುಳು ತೋರಿಸಲು ಹೊರಟಿದ್ದೇನೆ ಅಂದಿದ್ದರೆ ಲಗೇಜ್ ಚಾರ್ಜಿನ ಜೊತೆ ಒಂದಿಷ್ಟು ಕನಿಕರವನ್ನೂ ಸೇರಿಸುತ್ತಿದ್ದ.)

ನಾನು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳುವವಳೆಂದು ನಿಮಗೆ ಗೊತ್ತೇ ಇದೆ. ಗುರುಗುಂಟಾದ ಹುಣಸೆಮರದ ಕೆಳಗಿನ ತರಗೆಲೆ ತಂದು ಹಿಟ್ಟಿನ ಜರಡಿಯಲ್ಲಿ ಸೋಸುವುದು ನನ್ನ ರಜೆಯ ಹುಚ್ಚು. ಈ ಸಲ ಬಿಳಿ ತಟ್ಟೆಗೆ ಸಾಸಿವೆಗಿಂತ ಸಣ್ಣ ಹುಳುವೊಂದು ಬಿತ್ತು. ರೆಕ್ಕೆಯಿಲ್ಲ. ಇರುವೆಯೇ? ಯಾಕೋ ಅಲ್ಲ ಅನ್ನಿಸಿತು. ಮನೆಯಲ್ಲಿ ತೋರಿಸಿದರೆ, ಇದರಿಂದ ಏನುಪಯೋಗ ಎಂದರು. ಸ್ಟಾಫ್ ರೂಮಿನಲ್ಲೂ ಅದೇ ಪ್ರಶ್ನೆ. ಬಗ್ಗಿ ನೋಡಿದವರು ಮಾತ್ರ ಯಾರೂ ಇಲ್ಲ.

ಒಂದು ಕಾಲದಲ್ಲಿ ಒಬ್ಬಳಿದ್ದಳು. ಶೆಫಾಲಿ. ಸಿಂಧನೂರಿನ ಹತ್ತಿರ ಬಂಗಾಲಿ ನಿರಾಶ್ರಿತರು ನೆಲೆಸಿದ ಆರ್.ಎಚ್. ಕ್ಯಾಂಪಿನ ಹುಡುಗಿ, ಎಂ.ಎಸ್ಸಿ.ಯಲ್ಲಿ ನನ್ನ ಪಕ್ಕದ ಬೆಂಚು. ತರಗೆಲೆಯೊಳಗಿನ ಪರೋಪಜೀವಿ ಕಣಜಗಳೆಂದರೆ ಊಟ ಬಿಡುತ್ತಿದ್ದಳು. ಒಂದೇ ಮೈಕ್ರೋಸ್ಕೋಪಿಗೆ ಇಬ್ಬರೂ ಬಗ್ಗಿ, ತಲೆಗೆ ತಲೆ ಬಡಿದು ಜಗಳವಾಡಿದ್ದೆಷ್ಟೋ. ಆಮೇಲೆ ಕ್ಯಾಂಪಿನಲ್ಲೇ ಅವಳ ಮದುವೆಯಾಯಿತು, ನನಗೆ ನೌಕರಿ ಸಿಕ್ಕಿತು. ಈಗ ಉಳಿದಿದ್ದು ಹಬ್ಬಕ್ಕೊಂದು ವಾಟ್ಸ್‌ಆ್ಯಪ್ ಹೂವು.

ಅವಳಿಗೆ ಫೋಟೊ ಕಳಿಸಿದೆ. ಸಂಜೆ ಉತ್ತರ ಬಂತು: "ಹುಳದ ಮೀಸಿ ಕಾಣಂಗಿಲ್ಲ."

ಅಷ್ಟೇ. ಹೇಗಿದ್ದೀ ಅಂತಲೂ ಇಲ್ಲ. ನನಗೆ ಅಷ್ಟು ಸಾಕಾಯಿತು, ಬಸ್ ಹತ್ತಿಬಿಟ್ಟೆ.

ಕ್ಯಾಂಪಿನ ಮನೆಯಂಗಳದಲ್ಲಿ ಭತ್ತ ಹರವಿತ್ತು. ಶೆಫಾಲಿ ಕೈ ತೊಳೆದು, ಸೆರಗಿಗೆ ಒರೆಸಿಕೊಂಡು, ಮೈಕ್ರೋಸ್ಕೋಪನ್ನು ಕಿಟಕಿಯ ಬೆಳಕಿಗೆ ತಿರುಗಿಸಿ ಕಣ್ಣಿಟ್ಟಳು. ಪಕ್ಕದಲ್ಲಿ ಚಹಾ ಕೆನೆಗಟ್ಟಿತು. ಒಳಗಿನಿಂದ ಅತ್ತೆ ಬಂಗಾಲಿಯಲ್ಲಿ ಕರೆದರು, ಮತ್ತೆ ಕರೆದರು. ಇವಳಿಗೆ ಕೇಳಿಸಲೇ ಇಲ್ಲ.

"ಇರುವಿಗೆ ಸೊಂಟದಾಗ ಗಂಟಿರ್ತೈತಿ, ಇದಕ್ಕಿಲ್ಲ. ಮೀಸಿ ತುದಿ ಗದಾ ಇದ್ದಂಗ ದಪ್ಪ ಐತಿ ನೋಡು. ಕಣಜನ ಇದು. ಹೆಣ್ಣು."

ಜೇಡದ ಮೊಟ್ಟೆಯೊಳಗೆ ತನ್ನ ಮೊಟ್ಟೆಯಿಡುವ ಜಾತಿ ಇರಬೇಕು ಎಂದಳು. ಪೂರ್ತಿ ಹೆಸರು ಹೇಳಬೇಕಾದರೆ ಗಂಡೂ ಸಿಗಬೇಕಂತೆ. ಅದಕ್ಕೆ ರೆಕ್ಕೆಯಿದ್ದು, ಬೇರೆಯೇ ಹುಳುವಿನಂತೆ ಕಾಣುತ್ತದಂತೆ. ಹೇಳುತ್ತ ಹೇಳುತ್ತ ಅವಳ ಮಾತು ಲ್ಯಾಬಿನ ದಿನಗಳ ವೇಗಕ್ಕೆ ಬಂತು.

"ಇದೇನು ಅಂತ ನನ್ನ ಯಾರರ ಕೇಳಿ ಎಷ್ಟ್ ವರ್ಸ ಆತಬೇ," ಎಂದಳು. ಕಣ್ಣು ಇನ್ನೂ ಮೈಕ್ರೋಸ್ಕೋಪಿನಲ್ಲೇ ಇತ್ತು.

ಅವಳ ಗಂಡ ಒಳ್ಳೆಯವನು, ಮನೆ ತುಂಬ ಜನ. ನನ್ನದೂ ಹಾಗೆಯೇ. ಪ್ರೀತಿಸುವವರು ಹೇಗೋ ಸಿಗುತ್ತಾರೆ. ನಮ್ಮ ಹುಚ್ಚು ಅರ್ಥವಾಗುವವರು?

ಬರುವಾಗ ಮೈಕ್ರೋಸ್ಕೋಪನ್ನು ಅಲ್ಲೇ ಬಿಟ್ಟು ಬಂದೆ. (ನನ್ನದೇ. ಪ್ರಿನ್ಸಿಪಾಲರು ಗಾಬರಿಯಾಗಬೇಕಿಲ್ಲ.)

ಮೊನ್ನೆ ಬೆಳಿಗ್ಗೆ ಅವಳ ಫೋನ್ ಬಂತು. ಕ್ಯಾಂಪಿನ ಬಿದಿರುಮೆಳೆಯ ಕೆಳಗಿನ ಎಲೆಯನ್ನೆಲ್ಲ ಸೋಸಿದಳಂತೆ. ಗಂಡು ಸಿಗಲಿಲ್ಲ, ಅಂಥದ್ದೇ ಇನ್ನೊಂದು ಹೆಣ್ಣು ಸಿಕ್ಕಿದೆ. ಆಮೇಲೆ ಕೇಳಿದಳು, "ಮತ್ತ ಯಾವಾಗ ಬರ್ತಿ?"

ಇಷ್ಟು ಕೇಳುವುದಕ್ಕೆ ನಮಗಿಬ್ಬರಿಗೂ ಒಂದು ಹುಳುವಿನ ನೆಪ ಬೇಕಾಯಿತೇ?