ನಿಂತ ಗಾಡಿ ಹತ್ತುತ್ತಿದ್ದ ಅಕ್ಕ

ಚೈನ್ ಕವರಿನ ಪುಟ್ಟ ರಬ್ಬರ್ ಮುಚ್ಚಳ ಕಿತ್ತರೆ ಒಂದು ವಾಸನೆ ಹೊಮ್ಮುತ್ತದೆ. ಹಳೇ ಗ್ರೀಸು, ರಸ್ತೆಯ ಧೂಳು, ಕಾದ ಕಬ್ಬಿಣ ಮೂರೂ ಕೂಡಿದ್ದು. ಇವತ್ತು ಬೆಳಿಗ್ಗೆ ನನ್ನ ಬಟ್ಟೆ ಅಂಗಡಿಯ ಬಾಗಿಲು ತೆರೆಯುವ ಮೊದಲು, ಗಾಡಿಯ ಚೈನ್ ಎಷ್ಟು ಸಡಿಲವಿದೆ ನೋಡೋಣವೆಂದು ಮುಚ್ಚಳ ತೆಗೆದೆ. ವಾಸನೆ ಬಡಿದದ್ದೇ ತಡ, ಮುಚ್ಚಳ ಹಿಡಿದ ಕೈ ಹಿಂದಕ್ಕೆ ಸರಿಯಿತು. ಇಷ್ಟು ವರ್ಷವಾದರೂ ಮೊದಲು ಬರುವುದು ಹೆದರಿಕೆಯೇ. ಅದರ ಹಿಂದೆ ಟೇಲರ್ ಅಕ್ಕ...

ದಾವಣಗೆರೆಯ ಎಸ್.ಎಸ್. ಬಡಾವಣೆಯಲ್ಲಿ ನಾನು ಬಾಡಿಗೆಗಿದ್ದ ಮನೆಯ ಪಕ್ಕದವರು. ನೈಟಿ, ಲಂಗ ಹೊಲಿಯುತ್ತಿದ್ದರು. ನಾನು ಅವನ್ನು ಗಂಟು ಕಟ್ಟಿ ಬೈಕಿನಲ್ಲಿ ಹರಿಹರ, ಕೊಕ್ಕನೂರು ಕಡೆ ಒಯ್ದು ಮಾರುತ್ತಿದ್ದೆ. ಬೈಕು ಸೆಕೆಂಡ್ ಹ್ಯಾಂಡು; ನನ್ನ ಚೌಕಾಸಿಗೆ ಸುಸ್ತಾಗಿ ಮಾಲೀಕ ಬಿಟ್ಟುಕೊಟ್ಟದ್ದು. ಚೈನು ಮಾತ್ರ ಜೋತುಬಿದ್ದು ಕವರಿಗೆ ಟಕಟಕ ಬಡಿಯುತ್ತಿತ್ತು.

ಒಮ್ಮೆ ಹರಿಹರದ ಅಂಗಡಿಯವನು ನೈಟಿಗಳ ಅಳತೆ ಸರಿಯಿಲ್ಲವೆಂದು ತಕರಾರು ತೆಗೆದ. "ಹೊಲಿದಾಕಿ ನಾನು. ಹೊಸ ಮಾಲು ತಗಂಡು ನಾನೇ ಬರ್ತೀನಿ ನಡಿ" ಎಂದರು ಅಕ್ಕ. ಆದರೆ ಬೈಕೆಂದರೆ ಅವರಿಗೆ ಪ್ರಾಣಭಯ. ಹೊರಡುವ ಹಿಂದಿನ ಸಂಜೆ ನಾನು ಗಾಡಿಯನ್ನು ಸ್ಟ್ಯಾಂಡಿಗೆ ಹಾಕಿ ಚೈನ್ ಬಿಗಿ ಮಾಡುವಾಗ ತಲೆಯ ಮೇಲೇ ನಿಂತರು.

"ಆ ಟಕಟಕ ಪೂರಾ ನಿಲ್ಲಬೇಕು ತಮ್ಮಾ. ಕೇಳಿದ್ರೆ ಎದೆ ಹೊಡ್ಕಂತೈತೆ ನಂಗೆ."

"ಇಷ್ಟು ಸಾಕು ಅಕ್ಕಾರೆ."

"ಸಾಕಾಗಲ್ಲ. ಇನ್ನೊಂಚೂರು ಎಳಿ. ಯಾಕ, ನಟ್ ತಿರುಗ್ಸಾಕೂ ಚೌಕಾಸಿ ಮಾಡ್ತೀಯೇನು?"

ತಿರುಗಿಸಿದೆ. ಸದ್ದು ಸತ್ತುಹೋಯಿತು. ಇಬ್ಬರಿಗೂ ನೆಮ್ಮದಿ.

ಮರುದಿನ ಅಕ್ಕ ಒಂದೇ ಪಕ್ಕಕ್ಕೆ ಕಾಲು ಇಳಿಬಿಟ್ಟು ಕೂತರು. ತೊಡೆಯ ಮೇಲೆ ನೈಟಿಗಳ ಗಂಟು, ಒಂದು ಮುಷ್ಟಿಯಲ್ಲಿ ನನ್ನ ಅಂಗಿ. ದಾವಣಗೆರೆ ದಾಟಿದ ಮೇಲೆ ಕಾಲ ಕೆಳಗಿನಿಂದ ಗುಂಯ್ ಎಂಬ ಕೊರಗು ಎದ್ದಿತು. ವೇಗ ಏರಿದಂತೆ ಅದೂ ಏರಿತು.

"ಏನೋ ಅದು?"

"ಗಾಳಿ ಅಕ್ಕಾರೆ."

ಗಾಳಿಯಲ್ಲವೆಂದು ನನಗೆ ಗೊತ್ತಿತ್ತು. ಏನೆಂದು ಗೊತ್ತಿರಲಿಲ್ಲ. ಬೆನ್ನಿಗೇ ಒಂದು ಲಾರಿ ಹಾರ್ನ್ ಹೊಡೆಯುತ್ತ ಬಂದಿತ್ತು. ನಿಲ್ಲಿಸಲೂ ಭಯ, ಓಡಿಸಲೂ ಭಯ. ಅಷ್ಟರಲ್ಲಿ ಒಂದು ಗುಂಡಿಗೆ ಇಳಿದೆವು. ಫಟ್!

ಚೈನು ತುಂಡಾಗಿ ಹಿಂದಿನ ಚಕ್ರ ಕಚ್ಚಿ ನಿಂತಿತು. ಗಾಡಿ ಅಡ್ಡಡ್ಡ ಜಾರಿತು. ಮಣ್ಣು, ಆಕಾಶ, ಬ್ರೇಕಿನ ಕಿರುಚಾಟ... ಕಣ್ಣು ಬಿಟ್ಟಾಗ ಇಬ್ಬರೂ ರಸ್ತೆ ಪಕ್ಕದ ಮಣ್ಣಿನಲ್ಲಿದ್ದೆವು. ನೈಟಿಗಳ ಗಂಟು ಲಾರಿಯ ಮುಂದಿನ ಗಾಲಿಯ ಕೆಳಗಿತ್ತು.

"ಸಾಯಾಕೆ ನನ್ ಗಾಡೀನೇ ಬೇಕಿತ್ತೇನ್ರಿ ನಿಮಗೆ?" ಡ್ರೈವರ್ ಕೂಗಿದ. ಅಕ್ಕ ಗಂಟನ್ನೇ ನೋಡುತ್ತಿದ್ದರು. ನನ್ನ ಅಂಗಿ ಹಿಡಿದ ಮುಷ್ಟಿ ಬಿಚ್ಚಲೇ ಇಲ್ಲ. ಒಂದೊಂದೇ ಬೆರಳು ನಾನೇ ಬಿಡಿಸಬೇಕಾಯಿತು.

ಬೈದ ಡ್ರೈವರೇ ಬೈಕನ್ನೂ ನಮ್ಮನ್ನೂ ಲಾರಿಗೆ ಹತ್ತಿಸಿಕೊಂಡು ಹರಿಹರದ ಗ್ಯಾರೇಜಿನ ಮುಂದೆ ಇಳಿಸಿದ. ಮೆಕ್ಯಾನಿಕ್ ಹೊಸ ಚೈನ್ ಹಾಕಿ, ಸ್ವಲ್ಪ ಜೋಲು ಬಿಟ್ಟು, ಕವರ್ ಮುಚ್ಚುವ ಮೊದಲು, "ಈಗ ಇಬ್ರೂ ಕುಂದ್ರಿ" ಎಂದ. ಅಕ್ಕ ಒಲ್ಲೆನೆಂದರು. "ಸ್ಟಾರ್ಟ್ ಮಾಡಲ್ಲಮ್ಮ, ಸುಮ್ನೆ ಕುಂದ್ರಿ." ಕಣ್ಣು ಮುಚ್ಚಿ ಕೂತರು. ಸೀಟು ತಗ್ಗಿತು. ಆಗ ನೋಡಬೇಕು, ಜೋಲಾಡುತ್ತಿದ್ದ ಚೈನು ನಮ್ಮ ಭಾರಕ್ಕೆ ತಾನೇ ಬಿಗಿದುಕೊಂಡಿತು. ಕಣ್ಣು ಬಿಟ್ಟು ಬಗ್ಗಿ ನೋಡಿದ ಅಕ್ಕ ಹಣೆ ಚಚ್ಚಿಕೊಂಡರು.

"ನಿಂತಾಗಿನ ಅಳತೆಗೇ ಬಿಗಿಯಾಗಿ ಹೊಲಿದ್ರೆ ಕುಂತ ಕೂಡ್ಲೆ ಹರಿಯಲ್ವಾ? ನನ್ ಕಸಬೇ ನಂಗೆ ನೆನಪಾಗ್ಲಿಲ್ಲಲ್ಲೋ!" ಎಂದು ನಕ್ಕರು. ನಗು ನಗುತ್ತಲೇ ಅಳುವಾಯಿತು, ನಿಲ್ಲಲು ಬಹಳ ಹೊತ್ತು ಬೇಕಾಯಿತು.

ಅದಕ್ಕೇ ಹೇಳುತ್ತೇನೆ, ಕೇಳಿಟ್ಟುಕೊಳ್ಳಿ. ಸದ್ದು ನಿಲ್ಲಲಿ ಎಂದು ಚೈನ್ ಬಿಗಿಯಬೇಡಿ. ಚಕ್ರ ತಿರುಗಿಸುತ್ತ ಹೋಗಿ, ಎಲ್ಲಿ ಹೆಚ್ಚು ಬಿಗಿಯೋ ಅಲ್ಲಿ ಬೆರಳಿಟ್ಟು ಜೋಲು ಉಳಿದಿದೆಯೇ ನೋಡಿ. ದಿನಾ ಕೂರುವವರನ್ನು ಕೂರಿಸಿಯೂ ನೋಡಿ. ಹಳೇ ಗಾಡಿ ಕೊಳ್ಳುವಾಗ ಚೈನ್ ತೆಪ್ಪಗಿದೆಯೆಂದು ಹಿಗ್ಗಬೇಡಿ. ಮಾರುವವರಿಗೂ ನಟ್ ತಿರುಗಿಸಲು ಬರುತ್ತದೆ.

ಅಂದು ಅಕ್ಕ ಬಸ್ಸಿನಲ್ಲಿ ಮನೆಗೆ ಹೋದರು. ಓಡುವ ಬೈಕನ್ನು ಮತ್ತೆಂದೂ ಹತ್ತಲಿಲ್ಲ. ಆದರೆ ನಾನು ಚೈನ್ ನೋಡುವಾಗೆಲ್ಲ ಹೊಲಿಗೆ ಮಿಷನ್ ನಿಲ್ಲಿಸಿ ಬಂದು, ತೊಡೆಯ ಮೇಲೆ ಒಂದು ಗಂಟಿಟ್ಟುಕೊಂಡು, ನಿಂತ ಗಾಡಿಯ ಮೇಲೆ ಕೂರುತ್ತಿದ್ದರು. ಕೆಳಗೆ ಬಗ್ಗಿದ ನನ್ನ ಕಾಲರನ್ನು ಗಟ್ಟಿಯಾಗಿ ಹಿಡಿಯುತ್ತಿದ್ದರು.

"ಗಾಡಿ ನಿಂತೈತೆ ಅಕ್ಕಾರೆ, ಎಲ್ಲಿಗೂ ಹೋಗಲ್ಲ."

"ಅವತ್ತು ಗಾಳಿ ಅಂದೋನು ನೀನೇ ಅಲ್ವಾ? ಸುಮ್ಕೆ ನೋಡು." ನೋಡಿ ಮುಗಿದ ಮೇಲೇ "ಸಾಕು, ಏಳು" ಎಂದು ಕಾಲರ್ ಬಿಡುತ್ತಿದ್ದರು.

ನಾನು ಬೇರೆ ಮನೆಗೆ ಹೋದ ಮೇಲೂ ಅದಕ್ಕೆಂದೇ ಅವರ ಬಾಗಿಲಿಗೆ ಗಾಡಿ ಒಯ್ಯುತ್ತಿದ್ದೆ. ಹೋದ ವರ್ಷ ಅಕ್ಕ ತೀರಿಕೊಂಡರು. ಮನೆಯಲ್ಲಿ, ಮಲಗಿದಲ್ಲೇ. ಯಾವ ಗಾಲಿಯ ಕೆಳಗೂ ಅಲ್ಲ... ಆ ಸಮಾಧಾನವನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡಿದ್ದೇನೆ.

ಇವತ್ತು ಹಿಂದಿನ ಸೀಟಿನ ಮೇಲೆ ಬೆಡ್‌ಶೀಟಿನ ದೊಡ್ಡ ಮೂಟೆ ಹೇರಿ, ಕೆಳಗೆ ಬಗ್ಗಿ, ಚೈನಿಗೆ ಬೆರಳು ಹಾಕಿದೆ. ಸಡಿಲ ಸರಿಯಾಗಿತ್ತು. ಆದರೂ ಇನ್ನೊಮ್ಮೆ ನೋಡಿದೆ, ಮತ್ತೂ ಒಮ್ಮೆ ನೋಡಿದೆ. ಮೂಟೆಗೆ ಹೆದರಿಕೆಯಿಲ್ಲ. ಸಾಕು, ಏಳು ಎಂದು ಕಾಲರ್ ಬಿಡುವ ಕೈಯಿಲ್ಲ.